ಅರ್ಧ ದೋಣಿಯ ತೂಕ

ಕನೂ, ಅಂದರೆ ಹುಟ್ಟು ಹಾಕಿ ನಡೆಸುವ ಉದ್ದನೆಯ ಕಿರಿದೋಣಿ, ಮಾರುವವರಿಗೊಂದು ಚಾಳಿ. ದೋಣಿಯ ಒಂದು ತುದಿಯನ್ನು ಒಂದೇ ಕೈಯಲ್ಲಿ ಎತ್ತಿ, ಇನ್ನೊಂದು ಕೈ ಸೊಂಟದ ಮೇಲಿಟ್ಟು, ‘ನೋಡಿ, ಹೂವಿನ ಹಾಗಿದೆ!’ ಎನ್ನುತ್ತಾರೆ. ಹೂವೇ ಸರಿ. ಆಚೆ ತುದಿ ನೆಲಕ್ಕೆ ಕೂತು ಅರ್ಧ ಭಾರ ಹೊತ್ತುಕೊಂಡಿದೆಯಲ್ಲ, ಅದರ ಮಾತೇ ಇಲ್ಲ. ಈ ಲೆಕ್ಕದಲ್ಲಿ 36 ಕಿಲೋದ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ ದೋಣಿಯೂ ಆ ಕೈಗೆ 18 ಕಿಲೋ. ಕೆವ್ಲಾರ್ ಎಂಬ ಗಟ್ಟಿ ನಾರಿನ ಹಗುರ ದೋಣಿ, 16 ಅಡಿಯದು, ಇಡಿಯಾಗಿ ತೂಗುವುದೇ ಹೆಚ್ಚುಕಡಿಮೆ ಅಷ್ಟು. ಕೊಳ್ಳಲು ಬಂದ ಅಪ್ಪನೂ ಅದೇ ತುದಿ ಹಿಡಿದು, ಅದೇ ಭಂಗಿಯಲ್ಲಿ ನಿಂತು, ತಿಳಿದವನಂತೆ ತಲೆಯಾಡಿಸುತ್ತಾನೆ. ಮಗುವೂ ಬಂದು ಎರಡು ಕೈ ಹಚ್ಚುತ್ತದೆ. ಅರ್ಧ ಇಂಚು ಎದ್ದರೆ ಚಪ್ಪಾಳೆ. ಅಲ್ಲಿಗೆ ವ್ಯಾಪಾರ ಕುದುರಿತು.

ಇಬ್ಬರು ದೊಡ್ಡವರಿದ್ದೇವೆ, ಆಚೆಯೊಬ್ಬರು ಈಚೆಯೊಬ್ಬರು ಹಿಡಿದರಾಯಿತು ಎನ್ನುವುದು ಮಕ್ಕಳಿಲ್ಲದವರ ಲೆಕ್ಕ. ದಡದಲ್ಲಿ ಒಬ್ಬರ ಎರಡೂ ಕೈ ಮಕ್ಕಳ ಅಂಗಿ ಹಿಡಿಯುವುದಕ್ಕೇ ಮೀಸಲು. ದೋಣಿ ಹೊರುವವರು ಒಬ್ಬರೇ. ಹಾಗಾಗಿ ಕೊಳ್ಳುವ ಮುಂಚೆ ಅದನ್ನು ಬೋರಲು ಮಾಡಿ, ನಡುವಿನ ಅಡ್ಡಪಟ್ಟಿಯನ್ನು ಹೆಗಲಿಗೇರಿಸಿ, ನೂರು ಹೆಜ್ಜೆ ನಡೆದು ನೋಡಬೇಕು. ಮುಂದಿನ ಮೂತಿ ತುಸು ಮೇಲೆದ್ದಿದ್ದರೆ ದಾರಿ ಕಾಣುತ್ತದೆ, ಕುಸಿದರೆ ಕಾಣುವುದು ಸ್ವಂತ ಪಾದ ಮಾತ್ರ. ಆ ಪಟ್ಟಿಗೆ ನೊಗ ಎಂದೇ ಹೆಸರು. ಸಂಸಾರಸ್ಥರಿಗೆ ಹೆಚ್ಚಿಗೆ ವಿವರಿಸಬೇಕಿಲ್ಲ.

ಹಗುರದ ಆಸೆಗೆ 12 ಅಡಿಯ ಗಿಡ್ಡ ದೋಣಿಗೆ ಮನಸೋಲಬೇಡಿ. ನಾಲ್ಕು ಜನ, ಬುತ್ತಿ, ಒಣ ಬಟ್ಟೆಯ ಚೀಲ ಎಲ್ಲ ಏರಿದರೆ ನೀರು ಅಂಚನ್ನೇ ಮಾತಾಡಿಸಲು ಬರುತ್ತದೆ. 16–17 ಅಡಿ ಉದ್ದ, 90 ಸೆಂಟಿಮೀಟರ್ ಆಸುಪಾಸಿನ ಅಗಲ, ತೀರಾ ದುಂಡಗಲ್ಲದ ತಳ ಇರಲಿ. ಯಾಕೆಂದರೆ ಒಂದು ಮಗುವಿಗೆ ಮೀನು ಕಂಡರೆ ಎರಡೂ ಒಂದೇ ಮಗ್ಗುಲಿಗೆ ವಾಲುತ್ತವೆ. ಮೀನೂ ಅಷ್ಟೇ, ಇನ್ನೊಂದು ಮಗ್ಗುಲಲ್ಲಿ ಕಾಣುವುದೇ ಇಲ್ಲ. ಅವರನ್ನು ತಳದಲ್ಲೇ ಫೋಮ್ ಚಾಪೆ ಹಾಸಿ ಕೂರಿಸಿದರೆ ಭಾರ ಕೆಳಗಿರುತ್ತದೆ, ವಾಲಿದರೂ ನಿಭಾಯಿಸಬಹುದು.

ಹಗುರ ದೋಣಿಗೆ ನಾಜೂಕೂ ಜಾಸ್ತಿ. ಗಾಳಿ ಬೀಸಿದರೆ ಮೊದಲು ತಿರುಗುವುದು ಅದೇ. ಒಳಗೆ ಫೋಮ್ ತುಂಬಿದ ತೆಳು ತಳಕ್ಕೆ ಕೆಳಗಿನಿಂದ ನೀರಿನ ಆಸರೆ ಬೇಕು, ನೆಲದ ಮೇಲಿದ್ದಾಗ ಹತ್ತಿ ಕುಣಿದರೆ ಬಿರುಕು. ಮಕ್ಕಳಿಗೋ, ದೋಣಿ ನೆಲದ ಮೇಲಿದ್ದಾಗಲೇ ಕುಣಿಯುವ ಹುಮ್ಮಸ್ಸು.

ಲೈಫ್ ಜಾಕೆಟ್ ತೊಡಿಸಿ, ಭುಜದ ಪಟ್ಟಿ ಹಿಡಿದು ಮೇಲಕ್ಕೆಳೆಯಿರಿ. ಅದು ಕಿವಿಯವರೆಗೆ ಬಂದರೆ ದೊಡ್ಡದಾಯಿತು. ‘ಮುಂದಿನ ವರ್ಷಕ್ಕೂ ಆಗುತ್ತೆ’ ಎಂಬ ಜಾಣತನ ಸಮವಸ್ತ್ರಕ್ಕೆ ಸರಿ, ಇದಕ್ಕಲ್ಲ. ಮಗುವನ್ನು ದೋಣಿಗೆ ಕಟ್ಟುವ ಯೋಚನೆಯಂತೂ ಬೇಡವೇ ಬೇಡ, ಮಗುಚಿದರೆ ಬಿಡಿಸಿಕೊಳ್ಳಲಾಗದು.

ಮಧ್ಯೆ ಕೂತ ಮಗು ನೀರಿಗೆ ಕೈ ಬಿಟ್ಟು ದೋಣಿಯ ದಿಕ್ಕು ಕೆಡಿಸುತ್ತದೆ. ಗದರಬೇಡಿ. ಕೆಲವೇ ವರ್ಷಗಳಲ್ಲಿ ಅದು ಮುಂದಿನ ಸೀಟಿಗೆ ಹೋಗಿ, ಸ್ವಂತ ಹುಟ್ಟು ಹಿಡಿದು, ಹಿಂದಿನವರಿಗೆ ಹುಟ್ಟು ಹಾಕಲು ಬರುವುದಿಲ್ಲ ಎಂದು ದೂರುತ್ತದೆ. ಚಾಪೆ ಖಾಲಿ ಉಳಿಯುತ್ತದೆ.

ಸದ್ಯಕ್ಕೆ ಅದು ವಾಪಸಾಗುವಾಗ ಆ ಚಾಪೆಯ ಮೇಲೇ ನಿದ್ದೆ ಹೋಗಿರುತ್ತದೆ. 15 ಕಿಲೋದ ಮಗು ನಿದ್ದೆಯಲ್ಲಿ 20 ಕಿಲೋ. ಅದಕ್ಕೆ ನೊಗವೂ ಇಲ್ಲ, ಒಂದು ತುದಿ ಮಾತ್ರ ಎತ್ತಿ ‘ಹೂವಿನ ಹಾಗಿದೆ’ ಅನ್ನುವಂತೆಯೂ ಇಲ್ಲ.