42ನೇ ಸೆಕೆಂಡಿನ ಡ್ರಮ್ಮು

ಬಸವನಗುಡಿಯ ನಮ್ಮ ಬೀದಿಗೆ ಈ ವಾರ ನಂಬರ್ ಒನ್ ಹಾಡೊಂದು ದಕ್ಕಿದೆ. ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ನಾಲ್ವರು ಹುಡುಗರ ರಾಕ್ ತಂಡದ್ದು. ಯಾವ ಪಟ್ಟಿಯಲ್ಲಪ್ಪಾ ನಂಬರ್ ಒನ್ ಎಂದು ಕೇಳಿದೆ. 'ಕನ್ನಡ, ರಾಕ್, ಹೊಸಬರು, ದಕ್ಷಿಣ ಬೆಂಗಳೂರು' ಎಂಬ ವಿಭಾಗವಂತೆ. ಎರಡನೇ ಸ್ಥಾನದಲ್ಲಿರುವುದೂ ಇದೇ ಹಾಡು, ಕರೋಕೆ ರೂಪದಲ್ಲಿ.

ಮೈಸೂರು ಪಾಕ್ ಕಟ್ಟಿಸಿಕೊಂಡು ಅಭಿನಂದಿಸಲು ಮೇಲೆ ಹೋದೆ. ಕಿಟಕಿಯ ಕಟ್ಟೆಯ ಮೇಲೆ ಹನ್ನೊಂದು ಮೊಬೈಲುಗಳು ಚಾರ್ಜಿಗೆ ಕುಳಿತಿದ್ದವು. ಎಲ್ಲದರಲ್ಲೂ ಅದೇ ಹಾಡು, ಎಲ್ಲದರ ದನಿಯೂ ಸೊನ್ನೆ. ಒಂದರ ಗಾಜು ಒಡೆದಿತ್ತು, ಹಿಂಬದಿಯಲ್ಲಿ ಕುಂಕುಮ ಅಂಟಿತ್ತು, ತುಮಕೂರಿನ ಅಜ್ಜಿಯದಂತೆ. ಫ್ಯಾನನ್ನು ಮೊಬೈಲುಗಳ ಕಡೆ ತಿರುಗಿಸಿಟ್ಟು ಮನುಷ್ಯರು ಬೆವರುತ್ತಿದ್ದರು.

ಲೆಕ್ಕ ಸರಳ. ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈನಲ್ಲಿ ಹಾಡು 30 ಸೆಕೆಂಡು ಓಡಿದರೆ ಒಬ್ಬರು ಕೇಳಿದಂತೆ. ಆದ್ದರಿಂದ 31ನೇ ಸೆಕೆಂಡಿಗೆ ಕತ್ತು ಹಿಸುಕಿ ಮತ್ತೆ ಮೊದಲಿನಿಂದ ಓಡಿಸಬೇಕು. ಆ ಕೆಲಸಕ್ಕೆ ಪಾಳಿ ಹಾಕಿಕೊಂಡಿದ್ದಾರೆ. ರಾತ್ರಿ ಪಾಳಿ ಗಿಟಾರಿನವನದು. ಅಭ್ಯಾಸಕ್ಕೆ ಸಮಯವೆಲ್ಲಿ?

ಎಣಿಕೆಯ ಎಡವಟ್ಟೇನೂ ಹೊಸದಲ್ಲ ಬಿಡಿ. 1952ರ ನವೆಂಬರಿನಲ್ಲಿ ಲಂಡನ್ನಿನ ಪತ್ರಿಕೆಯೊಂದು ಅಂಗಡಿಗಳಿಗೆ ಫೋನು ಮಾಡಿ, ಯಾವ ರೆಕಾರ್ಡು ಎಷ್ಟು ಹೋಯಿತೆಂದು ಕೇಳಿ ಬ್ರಿಟನ್ನಿನ ಮೊದಲ ಪಟ್ಟಿ ಮಾಡಿತು. ಇದ್ದದ್ದು 12 ಸ್ಥಾನ, ಕೂರಿಸಿದ್ದು 15 ಹಾಡು; ಸರಿಸಮ ಬಂದವರು ಬೆಂಚು ಹಂಚಿಕೊಂಡರು. ಆದರೂ ಅಲ್ಲಿ ಯಾರೋ ದುಡ್ಡು ಕೊಟ್ಟು ಕೊಂಡಿದ್ದರು, ಮನೆಗೆ ಒಯ್ದು ಕೇಳಿಯೂ ಇರಬಹುದು. ಒಂದು ತಲೆಮಾರಿನ ಕಿವಿಯನ್ನೇ ಬದಲಿಸಿದ 'ನಿರ್ವಾಣ' ಎಂಬ ರಾಕ್ ತಂಡದ 1991ರ ಹಾಡು, 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್', ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಮುಖ್ಯ ಪಟ್ಟಿ 'ಹಾಟ್ 100'ರಲ್ಲಿ 6ನೇ ಸ್ಥಾನದಿಂದ ಮೇಲೇರಲಿಲ್ಲ. ಪಾಪ, ಅವರಿಗೆ ತುಮಕೂರಿನಲ್ಲಿ ಅಜ್ಜಿ ಇರಲಿಲ್ಲ.

ಈಗ ಬೀದಿಯ ತಿರುವಿನಲ್ಲಿ ಫ್ಲೆಕ್ಸ್ ಎದ್ದಿದೆ. 'ವಿಶ್ವವಿಖ್ಯಾತ ತಂಡಕ್ಕೆ ಹಾರ್ದಿಕ ಅಭಿನಂದನೆಗಳು.' ಶುಭ ಕೋರುವವರ ಮುಖಗಳು ಹದಿನಾಲ್ಕು, ತಂಡದವರವು ಮೂರು. ನಾಲ್ಕನೆಯವನ ಮುಖದ ಮೇಲೆ ಟ್ರಾನ್ಸ್‌ಫಾರ್ಮರಿನ ಕಂಬ ನಿಂತಿದೆ.

ಆ ನಾಲ್ಕನೆಯವನೇ ಡ್ರಮ್ಮಿನ ಹುಡುಗ. ಸಡಗರದಲ್ಲಿ ಅವನೊಬ್ಬನೇ ಮುಖ ಗಂಟಿಕ್ಕಿ ಕುಳಿತಿದ್ದ. ಕಾರಣ ಕೇಳಿದರೆ, 'ಸಾರ್, ನನ್ನ ಡ್ರಮ್ಮು ಶುರುವಾಗುವುದೇ 42ನೇ ಸೆಕೆಂಡಿಗೆ' ಎಂದ. ಲಕ್ಷ ಸಲ ಓಡಿದ ಹಾಡಿನಲ್ಲಿ ಅವನು ಒಮ್ಮೆಯೂ ಬಾರಿಸಿಲ್ಲ.

ಹುಡುಗನನ್ನು ನೋಡಲಾಗದೆ, ಒಮ್ಮೆ ಪೂರ್ತಿ ನುಡಿಸಿಬಿಡಿ ಎಂದೆ. ಶನಿವಾರ ರಾತ್ರಿ ಹತ್ತು ದಾಟಿದ್ದು ಯಾರಿಗೂ ತಿಳಿಯಲಿಲ್ಲ. ಪಕ್ಕದ ಮನೆಯ ಅಜ್ಜಿ ಕೊನೆಯವರೆಗೂ ಕೇಳಿಸಿಕೊಂಡು, ಆಮೇಲೆ ನೋಟು ಪುಸ್ತಕದ ಹಾಳೆಯಲ್ಲಿ ಠಾಣೆಗೆ ದೂರು ಬರೆದರು. ಗಿಟಾರಿನ ಬಗ್ಗೆ ಅರ್ಧ ಸಾಲು, ಹಾಡಿದವನ ಬಗ್ಗೆ ಒಂದು ಸಾಲು, ಡ್ರಮ್ಮಿನ ಬಗ್ಗೆ ಒಂದೂವರೆ ಪುಟ.

ಸೋಮವಾರ ಬೆಳಿಗ್ಗೆ ಆ ದೂರಿನ ಜೆರಾಕ್ಸ್ ಪ್ರತಿ ಹಿಡಿದು ಡ್ರಮ್ಮಿನ ಹುಡುಗ ಗಾಂಧಿ ಬಜಾರಿನತ್ತ ಹೊರಟಿದ್ದ, ಫ್ರೇಮು ಹಾಕಿಸಲು.