ಭಾವನ ರಿಟೈರ್‌ಮೆಂಟು, ನನ್ನ ಡ್ಯೂಟಿ

ಗಲ್ಫಿನಲ್ಲಿ ದುಡಿಯುವುದು ಒಬ್ಬರು. ಅವರ ನಿವೃತ್ತಿಗೆ ಊರಿನಲ್ಲಿ ತಯಾರಿ ಮಾಡುವುದು ಇನ್ನೊಬ್ಬರು. ಉಡುಪಿ ಕಡೆಯ ಹೆಚ್ಚಿನ ಕುಟುಂಬಗಳಲ್ಲಿ ಈ ಇನ್ನೊಬ್ಬ ಇದ್ದೇ ಇರುತ್ತಾನೆ. ಅವನ ಹತ್ತಿರ ಪಾಸ್‌ಪೋರ್ಟ್ ಇರುವುದಿಲ್ಲ. ಇದ್ದರೂ ಅದರಲ್ಲಿ ಒಂದು ಸೀಲು ಬಿದ್ದಿರುವುದಿಲ್ಲ. ಆದರೆ ದಿರ್ಹಮ್ ರೇಟು, ವೀಸಾದ ನಿಯಮ, ಹೊರದೇಶದಲ್ಲಿರುವವರು ಇಲ್ಲಿಯ ಬ್ಯಾಂಕಿನಲ್ಲಿ ಇಡುವ ಎನ್‌ಆರ್‌ಇ ಖಾತೆಗೂ ಎನ್‌ಆರ್‌ಒ ಖಾತೆಗೂ ಇರುವ ವ್ಯತ್ಯಾಸ ಎಲ್ಲ ಬಾಯಿಪಾಠ. ನಮ್ಮ ಕುಟುಂಬದಲ್ಲಿ ಆ ಹುದ್ದೆ ನನ್ನದು. ನಾನು ಹೈಸ್ಕೂಲ್ ಮಾಷ್ಟ್ರು. ಅಕ್ಕ, ಭಾವ ಅಬುಧಾಬಿಯಲ್ಲಿದ್ದರು. ಅವರು ಸಂತೆಕಟ್ಟೆಯಲ್ಲಿ ಕಟ್ಟಿಸಿದ ಮನೆ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹತ್ತು ನಿಮಿಷ. ಆ ಹತ್ತು ನಿಮಿಷವೇ ನನ್ನ ಜಾತಕದ ದೋಷ.

ಮನೆಯ ಪ್ಲಾನು ತಯಾರಾದದ್ದು ಅಬುಧಾಬಿಯಲ್ಲಿ. ಆ ಊರಿನಲ್ಲಿ ಇಡೀ ವರ್ಷಕ್ಕೆ 100 ಮಿಲಿಮೀಟರ್ ಮಳೆಯೂ ಬೀಳುವುದಿಲ್ಲ. ನಮ್ಮಲ್ಲಿ ಸುಮಾರು 4000. ಅಲ್ಲಿಯ ವಿಲ್ಲಾಗಳನ್ನು ಕಣ್ತುಂಬ ನೋಡಿದ್ದ ಭಾವ ಚಪ್ಪಟೆ ಟೆರೇಸು, ನೆಲದಿಂದ ಮಾಡಿನವರೆಗೆ ಗಾಜಿನ ಕಿಟಕಿ, ಬಿಳಿ ಲೆದರ್ ಸೋಫಾ ಎಲ್ಲ ಮಾಡಿಸಿದರು. ಬಾತ್‌ಟಬ್ ಕೂಡ ಬಂತು. ಇಳಿಜಾರು ಮಾಡು ಇರಲಿ ಅಂತ ಮೇಸ್ತ್ರಿ ಒಮ್ಮೆ ಹೇಳಿ ನೋಡಿದ್ದ. "ಅದೆಲ್ಲ ಹಳೇ ಕಾಲದ್ದು ಮಾರಾಯ" ಅಂದರು ಭಾವ. ಮೊದಲ ಮಳೆಗಾಲ ಮುಗಿಯುತ್ತಿದ್ದಂತೆ ಟೆರೇಸಿನ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ಶೀಟು ಹಾಕಿಸಿದೆವು. ಈಗ ರಸ್ತೆಯಿಂದ ನೋಡಿದರೆ ಕೆಳಗೆ ಅಬುಧಾಬಿ, ಮೇಲೆ ಗೇರುಬೀಜದ ಫ್ಯಾಕ್ಟರಿ.

ಈ ಮನೆಗೆ ವಾರಕ್ಕೊಮ್ಮೆ ತಪಾಸಣೆ. ಯುಎಇಯಲ್ಲಿ ವಾಟ್ಸಾಪ್ ಮೆಸೇಜು ಹೋಗುತ್ತದೆ, ಕಾಲ್ ಹೋಗುವುದಿಲ್ಲ. ಹಾಗಾಗಿ ನನ್ನ ಫೋನಿನಲ್ಲಿ ಬೋಟಿಮ್ ಅನ್ನುವ ಕಾಲಿಂಗ್ ಆ್ಯಪ್ ಬಂದು ಕೂತಿತು. ಮೊದಲೆಲ್ಲ ಅಲ್ಲಿ ಶುಕ್ರವಾರ ರಜೆ. ಭಾವ ನಿಧಾನವಾಗಿ ಎದ್ದು, ಚಾ ಕುಡಿದು ಫೋನು ಹಿಡಿಯುವಾಗ ನಮ್ಮ ಗಡಿಯಾರ ಒಂದೂವರೆ ಗಂಟೆ ಮುಂದೆ ಓಡಿರುತ್ತಿತ್ತು. ನಾನು ಒಂಬತ್ತನೇ ಕ್ಲಾಸಿನ ಬೋರ್ಡಿನಲ್ಲಿ ತ್ರಿಕೋನ ಬಿಡಿಸುತ್ತಿದ್ದೆ. "ಕ್ಲಾಸಿನಲ್ಲಿದ್ದೇನೆ ಭಾವ" ಅಂದರೆ ಬಚಾವ್. 2022ರ ಜನವರಿಯಲ್ಲಿ ಅಲ್ಲಿಯ ಸರಕಾರ ವಾರದ ರಜೆಯನ್ನು ಶನಿವಾರ, ಭಾನುವಾರಕ್ಕೆ ತಂದಿತು. ಜಗತ್ತಿನ ಮಾರುಕಟ್ಟೆಗಳ ಜೊತೆ ಹೊಂದಿಕೊಳ್ಳಲಿಕ್ಕಂತೆ. ಮಾರುಕಟ್ಟೆಗೆ ಎಷ್ಟು ಲಾಭ ಆಯಿತೋ ನೋಡಿಲ್ಲ. ನನ್ನ ಭಾನುವಾರ ಮಾತ್ರ ಹೋಯಿತು.

"ಕ್ಯಾಮೆರಾ ಸ್ವಲ್ಪ ಕೆಳಗೆ ಹಿಡಿ. ಆ ಕಪ್ಪು ಎಂತದು?"

"ಬೂಷ್ಟು ಭಾವ."

"ಪೈಂಟಿನವ ಏಳು ವರ್ಷ ಗ್ಯಾರಂಟಿ ಕೊಟ್ಟಿದ್ದನಲ್ಲ?"

"ಅವನು ಕೊಟ್ಟಿದ್ದ. ಮಳೆ ಕೊಟ್ಟಿರಲಿಲ್ಲ."

"ಸೋಫಾ ತೋರಿಸು ನೋಡುವ."

ಸೋಫಾ ತೋರಿಸಲಿಕ್ಕೆ ನನಗೆ ಮನಸ್ಸಿರಲಿಲ್ಲ. ಆಗಸ್ಟ್ ಬರುವಾಗ ಅದಕ್ಕೆ ಹಸುರು ಮೀಸೆ ಮೂಡಿತ್ತು. ನನ್ನ ಹೆಂಡತಿ ಒಣಬಟ್ಟೆ, ಒದ್ದೆಬಟ್ಟೆ, ಯಾರೋ ಹೇಳಿದ ವಿನೆಗರು ಎಲ್ಲ ಹಾಕಿ ಉಜ್ಜಿದ್ದಳು. ಮೀಸೆ ಹೋಯಿತು, ವಾಸನೆ ಉಳಿಯಿತು. ಬಾಗಿಲು ಹಾಕಿದ ಮನೆಗೆ ನಮ್ಮ ಮಳೆಗಾಲ ಎಂತ ಮಾಡುತ್ತದೆ ಅಂತ ಎಸಿ ರೂಮಿನಲ್ಲಿ ಕೂತವರಿಗೆ ವಿಡಿಯೋದಲ್ಲಿ ಅರ್ಥ ಮಾಡಿಸುವುದು ಕಷ್ಟ. ಕಿಟಕಿ ತೆರೆದಿಟ್ಟರೆ ಇರಚಲು, ಮುಚ್ಚಿಟ್ಟರೆ ಬೂಷ್ಟು. ಅಂಗಳದ ಇಂಟರ್‌ಲಾಕಿನ ಮೇಲೆ ಪಾಚಿ. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕದಿದ್ದರೆ ಗೇಟಿನಿಂದ ಸಿಟೌಟಿಗೆ ನಡೆದುಕೊಂಡು ಹೋಗಬೇಕಾಗಿಲ್ಲ, ತಾನಾಗಿಯೇ ಹೋಗಿ ಮುಟ್ಟಬಹುದು. ಇನ್ವರ್ಟರಿನ ಬ್ಯಾಟರಿ ಸುಮ್ನೆ ಕೂತು ಕೂತೇ ಸತ್ತಿತು. ಕಾರಿನ ವಯರನ್ನು ಇಲಿ ತಿಂದಿತು. ಬಾತ್‌ಟಬ್ ಒಂದಕ್ಕೆ ಮಾತ್ರ ಏನೂ ಆಗಲಿಲ್ಲ. ಅದರಲ್ಲಿ ನಾವು ತೆಂಗಿನಕಾಯಿ ತುಂಬಿಸಿಟ್ಟಿದ್ದೆವು.

ಅಕ್ಕ ಗೋಡೆ, ಸೋಫಾ ಒಂದನ್ನೂ ಕೇಳುತ್ತಿರಲಿಲ್ಲ. ಭಾವನ ತಲೆಯ ಹಿಂದಿನಿಂದ ಇಣುಕಿ, "ಮಲ್ಲಿಗೆ ಬಿಟ್ಟಿದಾ?" ಅಂತ ಮಾತ್ರ ಕೇಳುತ್ತಿದ್ದಳು. ಬಿಟ್ಟಿದ್ದರೆ ತೋರಿಸಬೇಕು. ಬಿಟ್ಟಿರದಿದ್ದರೆ ಯಾಕೆ ಬಿಟ್ಟಿಲ್ಲ ಅಂತ ನಾನೇ ಹೇಳಬೇಕು.

ಭಾವನ ಇಲ್ಲಿಯ ಸಿಮ್ ಕಾರ್ಡು ನನ್ನ ಹಳೆಯ ಬಟನ್ ಫೋನಿನಲ್ಲಿ ವಾಸವಾಗಿತ್ತು. ತೊಂಬತ್ತು ದಿನ ಬಳಸದೆ ಬಿಟ್ಟರೆ ನಂಬರೇ ಹೋಗಬಹುದು. ಆ ನಂಬರು ಹೋದರೆ ಬ್ಯಾಂಕು, ಆಧಾರ್, ಪ್ಯಾನ್ ಎಲ್ಲ ಒಟ್ಟಿಗೆ ಮಾತು ನಿಲ್ಲಿಸುತ್ತವೆ. ಹಾಗಾಗಿ ನಾನು ಅದಕ್ಕೆ ರೀಚಾರ್ಜ್ ಮಾಡಿ, ಆಗಾಗ ಅದರಿಂದ ನನ್ನ ಹೆಂಡತಿಗೇ ಫೋನ್ ಮಾಡುತ್ತಿದ್ದೆ. ಅವಳು ಅಡುಗೆಮನೆಯಿಂದ "ಹಲೋ ಭಾವ" ಅನ್ನುತ್ತಿದ್ದಳು. ರಾತ್ರಿ ಹನ್ನೆರಡು ಗಂಟೆಗೆ ಒಟಿಪಿ ಬರುತ್ತಿತ್ತು. ಅದರ ಕೆಳಗೇ ಇದನ್ನು ಯಾರಿಗೂ ಹೇಳಬೇಡಿ ಅಂತ ಬರೆದಿರುತ್ತಿತ್ತು. ಅಬುಧಾಬಿಯಿಂದ ಭಾವ, "ಬೇಗ ಹೇಳು ಮಾರಾಯ, ಟೈಮ್ ಹೋಗ್ತದೆ" ಅನ್ನುತ್ತಿದ್ದರು.

ಪವರ್ ಆಫ್ ಅಟಾರ್ನಿಯದ್ದು ಬೇರೆಯೇ ಕತೆ. ಮನೆಯ ಪಕ್ಕದ ಐದು ಸೆಂಟ್ಸ್ ಜಾಗದ ವ್ಯವಹಾರವನ್ನು ಭಾವನ ಪರವಾಗಿ ನಾನು ಮಾಡಲು ಆ ಅಧಿಕಾರ ಪತ್ರ ಬೇಕಿತ್ತು. ಭಾವ ಅಲ್ಲಿಯ ಭಾರತೀಯ ರಾಯಭಾರ ಕಚೇರಿಗೆ ಹೋಗಿ ಸಹಿ ಹಾಕಿ, ಸೀಲು ಹೊಡೆಸಿದರು. ಹೀಗೆ ಹೊರದೇಶದಲ್ಲಿ ಬರೆದ ಪತ್ರ ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಸ್ಟ್ಯಾಂಪ್ ಮಾಡಿಸಬೇಕು. ಕೊರಿಯರಿನವರ ಮೇಲೆ ನಂಬಿಕೆ ಇಲ್ಲದ ಭಾವ ಅದನ್ನು ಊರಿಗೆ ಹೊರಟಿದ್ದ ಕುಂದಾಪುರದ ಗೆಳೆಯರೊಬ್ಬರ ಕೈಯಲ್ಲಿ ಕೊಟ್ಟು ಕಳಿಸಿದರು. ಗೆಳೆಯರು ಬಂದರು. ಮಗಳ ಮದುವೆ ಮಾಡಿದರು. ತಿರುಪತಿಗೆ ಹೋದರು. ಸೂಟ್‌ಕೇಸಿನ ತಳದಲ್ಲಿ ಖರ್ಜೂರದ ಪೆಟ್ಟಿಗೆಯ ಅಡಿಗೆ ಪತ್ರ ಆರಾಮಾಗಿತ್ತು. ಕೊನೆಗೆ ನಾನೇ ಬಸ್ಸು ಹತ್ತಿ ಹೋಗಿ ತಂದೆ. ಅವರು ತುಂಬ ಒಳ್ಳೆಯವರು. ಖರ್ಜೂರವನ್ನೂ ಕೊಟ್ಟರು.

ಭಾವನಿಗೆ ನಿವೃತ್ತಿ ಅಂದರೆ ಅಡಿಕೆ ತೋಟ. ಹೆಬ್ರಿ ಕಡೆ ಒಂದು ತುಂಡು ತೋಟ, ಅದರಲ್ಲಿ ಸಣ್ಣ ಮನೆ, ಮನೆಯೆದುರು ಆರಾಮ ಕುರ್ಚಿ. ಕುರ್ಚಿಯನ್ನು ಆಗಲೇ ತೆಗೆದಿಟ್ಟಾಗಿತ್ತು. 2020ರಲ್ಲಿ ಕರ್ನಾಟಕ ಸರಕಾರ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದು, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂದಿತಲ್ಲ, ಆ ಸುದ್ದಿ ನನಗಿಂತ ಮೊದಲು ಅಬುಧಾಬಿಗೆ ಮುಟ್ಟಿತ್ತು. ಮರುದಿನದಿಂದ ಬ್ರೋಕರುಗಳ ಫೋನು ನನಗೆ. ನಾನು ತೋಟ ನೋಡಿದೆ, ಬಾವಿ ನೋಡಿದೆ, ಪಂಪು ಸ್ಟಾರ್ಟ್ ಮಾಡಿ ನೀರು ಕುಡಿದೆ. ಎಲ್ಲ ಮಾತಾಗಿ ಕಾಗದ ತೋರಿಸಲು ವಕೀಲರ ಹತ್ತಿರ ಹೋದರೆ ಅವರು ಕನ್ನಡಕ ತೆಗೆದು ಕೇಳಿದರು: "ಪಾರ್ಟಿ ಎಲ್ಲಿದ್ದಾರೆ?"

"ಅಬುಧಾಬಿ."

"ಹಾಗಾದರೆ ಆಗುವುದಿಲ್ಲ."

ರಾಜ್ಯದ ಕಾನೂನು ಬಾಗಿಲು ತೆರೆದದ್ದು ನಿಜ. ಆದರೆ ಎನ್‌ಆರ್‌ಐಗಳಿಗೆ ಕೇಂದ್ರದ ವಿದೇಶಿ ವಿನಿಮಯ ಕಾನೂನು, ಅಂದರೆ ಫೆಮಾ, ಬೇರೆಯೇ ಬೀಗ ಹಾಕಿದೆ. ಮನೆ ತೆಗೆದುಕೊಳ್ಳಬಹುದು, ಅಂಗಡಿ ತೆಗೆದುಕೊಳ್ಳಬಹುದು. ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಹಿರಿಯರ ಆಸ್ತಿಯಾಗಿ ಬಂದರೆ ಸರಿ. ಭಾವನ ತಂದೆ ಬಿಟ್ಟುಹೋದದ್ದು ಒಂದು ಟ್ರಂಕು ಮತ್ತು ಒಂದು ಛತ್ರಿ.

"ನನ್ನ ದುಡ್ಡು, ನನ್ನ ಊರು. ತೋಟ ಮಾತ್ರ ತಕ್ಕೊಳ್ಳಲಿಕ್ಕೆ ಇಲ್ವಾ?" ಅಂತ ಭಾವ ಬೋಟಿಮ್‌ನಲ್ಲಿ ಕೂಗಿದರು. ನಾನು ಫೆಮಾದ ಪರವಾಗಿ ತಲೆ ತಗ್ಗಿಸಿ ಕೂತೆ. ಬ್ರೋಕರು ಬುದ್ಧಿವಂತ. "ಮಾಷ್ಟ್ರ ಹೆಸರಿಗೆ ಮಾಡುವ. ಮತ್ತೆ ನೋಡಿಕೊಂಡರಾಯಿತು" ಅಂದ. ನನ್ನ ಹೆಂಡತಿಯ ಮುಖ ಅರಳಿತು. ಒಂದು ರಾತ್ರಿ ನಾವು ಒಂದೂವರೆ ಎಕರೆಯ ಜಮೀನ್ದಾರರಾಗಿದ್ದೆವು. ಬೆಳಿಗ್ಗೆ ವಕೀಲರು "ಬೇನಾಮಿ" ಅನ್ನುವ ಮೂರಕ್ಷರ ಹೇಳಿ ಆ ತೋಟವನ್ನೂ ಕಿತ್ತುಕೊಂಡರು. ಒಬ್ಬರ ದುಡ್ಡು, ಇನ್ನೊಬ್ಬರ ಹೆಸರು ಅಂತಾದರೆ ಜಮೀನನ್ನೇ ಸರಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು. ಹೆಂಡತಿ, ಮಕ್ಕಳಿಗೆ ವಿನಾಯಿತಿ ಉಂಟು. ಹೆಂಡತಿಯ ತಮ್ಮನಿಗೆ ಇಲ್ಲ. ಕಾನೂನು ಮಾಡಿದವರಿಗೂ ಒಬ್ಬ ಭಾವನಿದ್ದಿರಬೇಕು.

ಕೆಲಸ ಬಿಡುವ ವರ್ಷ ಬಂತು. ಅಲ್ಲಿ ಸಾಮಾನ್ಯವಾಗಿ ಕೆಲಸ ಇದ್ದರೆ ವೀಸಾ, ಕೆಲಸ ಹೋದರೆ ವೀಸಾವೂ ಹೋಯಿತು. ಅಲ್ಲೇ ಉಳಿಯಲಿಕ್ಕೆ ದಾರಿ ಇಲ್ಲವೇ ಇಲ್ಲ ಅಂತಲ್ಲ. ವಯಸ್ಸು 55 ದಾಟಿದವರಿಗೆ ಐದು ವರ್ಷದ ನಿವೃತ್ತಿ ವೀಸಾ ಕೊಡುತ್ತಾರೆ. ಅದಕ್ಕೆ ಆಸ್ತಿಯೋ, ಠೇವಣಿಯೋ, ತಿಂಗಳ ಆದಾಯವೋ ಇಷ್ಟಿಷ್ಟು ಇರಬೇಕು ಅಂತ ಲೆಕ್ಕ ಇದೆ. ಅಕ್ಕನಿಗೆ ಉಳಿಯುವ ಆಸೆ ಸ್ವಲ್ಪ ಇತ್ತು. ಅಷ್ಟು ವರ್ಷದ ಗೆಳತಿಯರು, ಲಿಫ್ಟ್ ಇಳಿದರೆ ಸೂಪರ್‌ಮಾರ್ಕೆಟ್, ಪವರ್‌ಕಟ್ ಇಲ್ಲ. ಆದರೆ ಇದ್ದ ದುಡ್ಡೆಲ್ಲ ಸಂತೆಕಟ್ಟೆಯಲ್ಲಿ ಬೂಷ್ಟು ಹಿಡಿಯುತ್ತ ನಿಂತಿತ್ತು. ಇನ್ನು ಕೆಲಸ ಬಿಡುವಾಗ ಕಂಪೆನಿ ಕೊಡುವ ಗ್ರಾಚ್ಯುಟಿ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ಆಮೇಲೆ ವರ್ಷಕ್ಕೆ 30 ದಿನದ್ದು, ಒಟ್ಟು ಎರಡು ವರ್ಷದ ಸಂಬಳ ಮೀರುವಂತಿಲ್ಲ. ಲೆಕ್ಕದ ಮಾಷ್ಟ್ರಾದ ನಾನು ಕೂಡಿಸಿ, ಗುಣಿಸಿ ಒಂದು ದೊಡ್ಡ ಸಂಖ್ಯೆ ಹೇಳಿದೆ. ಭಾವ ಮೆಲ್ಲಗೆ, "ಅದು ಬೇಸಿಕ್ ಮೇಲೆ ಮಾತ್ರ" ಅಂದರು. ಊರಿನ ಮದುವೆಗಳಲ್ಲಿ ಹೇಳುವ ಸಂಬಳ ಬೇರೆ, ಬೇಸಿಕ್ ಬೇರೆ ಅಂತ ನನಗೆ ಗೊತ್ತಾದದ್ದು ಆವತ್ತೇ.

ಅಂತೂ ಬಂದರು. ಬಜ್ಪೆಯ ವಿಮಾನ ನಿಲ್ದಾಣದಲ್ಲಿ ಇಳಿಸಿಕೊಂಡು ಕಟೀಲು, ಕಿನ್ನಿಗೋಳಿ, ಮೂಲ್ಕಿ ದಾರಿಯಾಗಿ ಕರೆದುಕೊಂಡು ಬಂದೆ. ಮರುದಿನವೇ ಭಾವ ಕಾರು ತೆಗೆದರು. ಅಲ್ಲಿ ಗಾಡಿ ಓಡುವುದು ರಸ್ತೆಯ ಬಲಕ್ಕೆ, ಸ್ಟೇರಿಂಗು ಎಡಕ್ಕೆ, ಇಂಡಿಕೇಟರಿನ ಕಡ್ಡಿಯೂ ಎಡಕ್ಕೆ. ನಮ್ಮ ಹೆಚ್ಚಿನ ಕಾರುಗಳಲ್ಲಿ ಎಡಕ್ಕಿರುವುದು ವೈಪರಿನ ಕಡ್ಡಿ. ಭಾವ ಬಲಕ್ಕೆ ತಿರುಗುವಾಗಲೂ ವೈಪರು, ಎಡಕ್ಕೆ ತಿರುಗುವಾಗಲೂ ವೈಪರು. ಜೂನ್ ತಿಂಗಳಾದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ಸೆಪ್ಟೆಂಬರ್ ಬಿಸಿಲಿನಲ್ಲಿ ಕಲ್ಸಂಕದ ಸರ್ಕಲಿನ ಹತ್ತಿರ ಒಣ ಗಾಜಿನ ಮೇಲೆ ವೈಪರು ಕಿರುಗುಟ್ಟಿದಾಗ ಮಾತ್ರ ಸಿಟಿ ಬಸ್ಸಿನ ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, "ಎಂತ ಅಣ್ಣಾ, ನಿಮಗೆ ಮಾತ್ರ ಮಳೆಯಾ?" ಅಂದ.

ಆರೋಗ್ಯ ವಿಮೆ ಇಲ್ಲಿ ಬಂದ ಮೇಲೆ ಮಾಡಿಸುವ ಅಂತ ಅಂದುಕೊಂಡಿದ್ದರು. ಕಂಪೆನಿ ಕೊಟ್ಟ ವಿಮೆ ಕೆಲಸದ ಜೊತೆಗೇ ಮುಗಿದಿತ್ತು. ಏಜೆಂಟ್ ಬಂದು ಕೂತ. ಮೊದಲೇ ಇರುವ ಬಿಪಿ, ಶುಗರಿನಂಥವಕ್ಕೆ ಪಾಲಿಸಿ ಲಾಗೂ ಆಗಲು ಮೂರು ವರ್ಷದವರೆಗೂ ಕಾಯಿಸಬಹುದು ಅಂದ. ಮೊದಲು ಅದು ನಾಲ್ಕು ವರ್ಷ ಇತ್ತು, 2024ರಲ್ಲಿ ಕಮ್ಮಿ ಮಾಡಿದ್ದಾರೆ ಅಂತ ಸಮಾಧಾನವನ್ನೂ ಹೇಳಿದ. ಅಕ್ಕ ಕೇಳಿದಳು: "ಅಲ್ಲಿಯವರೆಗೆ ಏನೂ ಆಗಬಾರದು ಅಂತ ಮಠಕ್ಕೆ ಹೋಗಿ ಕೃಷ್ಣನಿಗೆ ಹೇಳಿ ಬರಬೇಕಾ?" ಏಜೆಂಟ್ ತುಂಬ ಪ್ರಾಮಾಣಿಕ. "ಹೇಳಿದರೆ ಒಳ್ಳೆಯದು ಅಕ್ಕ" ಅಂದ. ಗಲ್ಫಿನಲ್ಲಿರುವವರು ಊರಿಗೆ ಬರುವ ಮೂರು ವರ್ಷ ಮೊದಲೇ ಇಲ್ಲಿ ಪಾಲಿಸಿ ಮಾಡಿಸಿಟ್ಟರೆ ಈ ಕಾಯುವ ಕಾಲ ಅಲ್ಲಿರುವಾಗಲೇ ಕಳೆಯುತ್ತದೆ. ಬಾತ್‌ಟಬ್ಬಿಗಿಂತ ಮೊದಲು ಮಾಡಿಸಬೇಕಾದದ್ದು ಇದು.

ಬ್ಯಾಂಕಿನಲ್ಲಿ ಎನ್‌ಆರ್‌ಇ ಖಾತೆಯನ್ನು ಸಾದಾ ಖಾತೆ ಮಾಡಿಸಬೇಕಿತ್ತು. ಊರಿಗೆ ಖಾಯಂ ಬಂದವರು ಅದನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ಅದರ ಬಡ್ಡಿಗೆ ಇಷ್ಟು ವರ್ಷ ತೆರಿಗೆ ಇರಲಿಲ್ಲ, ಇನ್ನು ಉಂಟು. ಭಾವ ತೀರಿಹೋದವರ ಕಾಗದಕ್ಕೆ ಸಹಿ ಹಾಕುವ ಮುಖ ಮಾಡಿಕೊಂಡು ಫಾರ್ಮು ತುಂಬಿಸಿದರು. ಕೌಂಟರಿನ ಹುಡುಗಿ ನನ್ನನ್ನು ನೋಡಿ ನಕ್ಕು, ಭಾವನನ್ನು ನೋಡಿ "ಇವರು ಯಾರು ಸರ್?" ಅಂತ ಕೇಳಿದಳು.

ಈಗ ಭಾವ ಎನ್‌ಆರ್‌ಐ ಅಲ್ಲ. ತೋಟ ಕೊಳ್ಳಲು ಫೆಮಾದ ಅಡ್ಡಿ ಇಲ್ಲ. ವಾಸನೆ ಹಿಡಿದ ಹಾಗೆ ಬ್ರೋಕರು ಬಂದ. ಜುಲೈಯಲ್ಲಿ ಮೂವರೂ ಹೆಬ್ರಿಗೆ ಹೋದೆವು. ಮಳೆ ಬಿಟ್ಟಿರಲಿಲ್ಲ. ತೋಟದ ಯಜಮಾನರು ಪಾಪ, ಎಲ್ಲವನ್ನೂ ಸರಿಯಾಗಿ ವಿವರಿಸಿದರು. ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಹೊಡೆಯಬೇಕು, ನಡುವೆ ಹೊಳವಾದಾಗ ಮತ್ತೆ ಹೊಡೆಯಬೇಕು. ಮರ ಹತ್ತುವವರು ಬೇಕಾದಾಗ ಸಿಗುವುದಿಲ್ಲ, ಸಿಕ್ಕಿದಾಗ ಮಳೆ ಬಿಡುವುದಿಲ್ಲ. ಈಗ ಎಲೆಚುಕ್ಕಿ ರೋಗ ಬೇರೆ. ರಾತ್ರಿ ಹಂದಿ, ಹಗಲು ಮಂಗ. ಭಾವ ತಲೆಯಾಡಿಸುತ್ತಲೇ ಇದ್ದರು. ಕಾರಿಗೆ ಬಂದು ಪ್ಯಾಂಟು ಮಡಚಿ ನೋಡಿದರೆ ಮೊಣಕಾಲ ಕೆಳಗೆ ಉಂಬಳಗಳು. ಉಪ್ಪು ಹಾಕಿ ಬಿಡಿಸಿದೆವು. ಸೋಮೇಶ್ವರದ ಹೋಟೆಲಿನಲ್ಲಿ ಚಾ ಕುಡಿಯುವವರೆಗೆ ಭಾವ ಒಂದು ಮಾತೂ ಆಡಲಿಲ್ಲ. ಮತ್ತೆ ಹೇಳಿದರು: "ಕಾನೂನು ಮಾಡಿದವರಿಗೆ ತಲೆ ಉಂಟು ಮಾರಾಯ."

ಆರಾಮ ಕುರ್ಚಿ ಈಗ ಸಂತೆಕಟ್ಟೆಯ ಸಿಟೌಟಿನಲ್ಲಿದೆ. ಬೆಳಿಗ್ಗೆ ಪೇಪರು, ಸಂಜೆ ಗೇಟಿನ ಹತ್ತಿರ ನಿಂತು ಹೋಗಿ ಬರುವವರ ಜೊತೆ ಪಂಚಾತಿಕೆ. ನನಗೂ ಭಾನುವಾರ ವಾಪಸು ಸಿಕ್ಕಿತ್ತು. ನಿದ್ದೆ ಮಾಡಿದೆ, ಮೀನು ಮಾರ್ಕೆಟಿಗೆ ಹೋದೆ, ಮನೆಯ ಫ್ಯೂಸಾದ ಬಲ್ಬು ಬದಲಾಯಿಸಿದೆ. ಆಮೇಲೆ ಭಾವನ ಆಚೆಮನೆಯವರು ಮಗನ ಜೊತೆ ಇರಲು ದೋಹಾಕ್ಕೆ ಹೊರಟರು. ಹೊರಡುವ ಹಿಂದಿನ ದಿನ ಗೇಟಿನ ಹತ್ತಿರ ನಿಂತು ಅಳುಕುತ್ತ ಕೇಳುತ್ತಿದ್ದರು. ಮನೆ ಆಗಾಗ ತೆರೆದು ಗಾಳಿ ಆಡಿಸಬೇಕಿತ್ತು, ಕಾಯಿ ಕೀಳಿಸಬೇಕಿತ್ತು, ಒಂದು ಸಿಮ್ ಕಾರ್ಡೂ ಉಂಟು, ಯಾರಿಗೆ ಹೇಳುವುದು ಗೊತ್ತಾಗುವುದಿಲ್ಲ ಅಂತ.

ಭಾವ ಧಾರಾಳವಾಗಿ ಕೈ ಬೀಸಿದರು. "ನೀವು ಎಂತದೂ ಮಂಡೆಬಿಸಿ ಮಾಡ್ಬೇಡಿ. ನಮ್ಮ ಮಾಷ್ಟ್ರು ಇದ್ದಾನೆ. ಅವನಿಗೆ ಇದೆಲ್ಲ ಅಭ್ಯಾಸ ಉಂಟು."