ಹೆರಿಗೆಯಲ್ಲಿ ರಕ್ತ ಎಷ್ಟು ಹೋಯಿತು ಅಂತ ಯಾರಾದರೂ ಅಳೆದಿರಾ?

ಮೂರು ದಿನದಿಂದ ಈ ಮಾತು ಎದೆಯಲ್ಲಿ ಕುದಿಯುತ್ತಿದೆ. ಇವತ್ತು ಬರೆದೇ ಮಲಗುತ್ತೇನೆ.

ಮಂಗಳವಾರ ರಾತ್ರಿ ನಮ್ಮ ಅಣ್ಣನ ಸೊಸೆಗೆ ಹೆರಿಗೆಯಾಯಿತು. ಹೆಣ್ಣು ಮಗು, 2 ಕೆಜಿ 800 ಗ್ರಾಂ. ತಾಲ್ಲೂಕು ಆಸ್ಪತ್ರೆಯಲ್ಲಿ. ಯಾವ ತಾಲ್ಲೂಕು ಅಂತ ಕೇಳಬೇಡಿ, ಅಲ್ಲಿರುವವರೆಲ್ಲ ನನ್ನ ತಂಗಿಯರಿದ್ದ ಹಾಗೆ. 32 ವರ್ಷ ನಾನೂ ದಾದಿಯಾಗಿ ಹೆರಿಗೆ ಮಾಡಿಸಿದವಳು, ನಿಮಗೆಲ್ಲ ಗೊತ್ತಲ್ಲ.

ಮಗು ಹುಟ್ಟಿ ಅರ್ಧ ಗಂಟೆ ಆಗಿರಬೇಕು. ನನ್ನನ್ನು ಗುರುತಿಸಿ ಒಳಗೆ ಬಿಟ್ಟಿದ್ದರು. ಸೊಸೆಯ ಮುಖ ನೋಡಿದೆ, ತುಟಿ ಬಿಳುಚಿಕೊಂಡಿತ್ತು. "ಅತ್ತೀ, ಬಾಯಿ ಒಣಗಾಕತ್ತೇತಿ, ನೀರು ಕೊಡ್ರಿ" ಅಂದಳು. ಕೈ ಹಿಡಿದೆ, ತಣ್ಣಗಿತ್ತು. ನಾಡಿ ಎಣಿಸಿದೆ, ನಿಮಿಷಕ್ಕೆ 116, ಜಾಸ್ತಿಯೇ.

"ಸಿಸ್ಟರ್, ಎಷ್ಟು ಹೋಗೇತಿ?"

ಆ ಹುಡುಗಿ ಬಕೆಟ್ ಕಡೆ ತಿರುಗಿ ನೋಡಿದಳು. "ಜಾಸ್ತಿ ಏನಿಲ್ರಿ ಅಕ್ಕಾರ. ಎಲ್ಲಾರಿಗೂ ಹೋಗೂವಷ್ಟ ಹೋಗೇತಿ."

"ಅಳದೀಯೇನವಾ?"

"ನೋಡಿದ್ರ ಗೊತ್ತಾಗ್ತೈತಲ್ರೀ."

ನೋಡಿದರೆ ಗೊತ್ತಾಗುವುದಿಲ್ಲ. ಇದೊಂದೇ ಮಾತು ನಾನು ಹೇಳಬೇಕಾದದ್ದು. ನೋಡಿದರೆ ಗೊತ್ತಾಗುವುದಿಲ್ಲ!

ಮೂಲೆಯಲ್ಲಿ ಮಗು ತೂಗುವ ತಕ್ಕಡಿ ಇತ್ತು. ಅದರ ಮೇಲೆ ಪ್ಲಾಸ್ಟಿಕ್ ಹಾಸಿ, ಬಕೆಟ್‌ನಲ್ಲಿದ್ದ ಬಟ್ಟೆ, ಪ್ಯಾಡು ಎಲ್ಲ ತೂಗಿದೆ. ಅಷ್ಟೇ ಒಣ ಬಟ್ಟೆಯ ತೂಕ ಕಳೆದೆ. 640 ಗ್ರಾಂ. ಒಂದು ಗ್ರಾಂ ಅಂದರೆ ಹೆಚ್ಚುಕಡಿಮೆ ಒಂದು ಎಂಎಲ್ ರಕ್ತ. ಹೆರಿಗೆಯಾದ ಮೇಲೆ 500 ದಾಟಿದರೆ ಅದು ಅಪಾಯ ಅಂತ ನಮ್ಮ ತರಬೇತಿಯಲ್ಲಿ ಮೊದಲ ವರ್ಷವೇ ಕಲಿಸುತ್ತಾರೆ. ಬಕೆಟ್ ತಳದಲ್ಲಿ ನಿಂತದ್ದು, ನೆಲಕ್ಕೆ ಹೋದದ್ದು ಈ ಲೆಕ್ಕದಲ್ಲಿ ಇಲ್ಲ. ಸೊಸೆಯ ಹಿಮೋಗ್ಲೋಬಿನ್ ಮೊದಲೇ 9ರ ಹತ್ತಿರ ಇತ್ತು. ನಮ್ಮ ದೇಶದಲ್ಲಿ ಅರ್ಧಕ್ಕಿಂತ ಜಾಸ್ತಿ ಬಸುರಿಯರಿಗೆ ರಕ್ತಹೀನತೆ ಇದೆ. ಅಂಥವರ ಮೈ ಎಷ್ಟು ರಕ್ತ ಹೋದರೆ ತಡೆದೀತು?

ತಕ್ಕಡಿಯ ಅಂಕಿ ನೋಡಿದ್ದೇ ಆ ಸಿಸ್ಟರ್ ಬೇರೆಯೇ ಆದಳು. ಒಂದು ಕೈ ಹೊಟ್ಟೆಯ ಮೇಲೆ, ಗರ್ಭಕೋಶ ತಿಕ್ಕುತ್ತಲೇ ಡಾಕ್ಟರನ್ನು ಕೂಗಿದಳು. ಗರ್ಭಕೋಶ ಮುದುಡಿಸುವ ಆಕ್ಸಿಟೋಸಿನ್, ಸಲೈನ್, ರಕ್ತ ನಿಲ್ಲಿಸುವ ಟ್ರಾನೆಕ್ಸಾ ಇಂಜೆಕ್ಷನ್, ಎಲ್ಲ ಹತ್ತು ನಿಮಿಷದಲ್ಲಿ ಆಯಿತು. ಗರ್ಭಕೋಶ ಕಲ್ಲಿನ ಹಾಗೆ ಗಟ್ಟಿಯಾದಾಗ ನನ್ನ ಕಾಲು ನಡುಗುತ್ತಿದ್ದವು. ಬೆಳಗ್ಗೆ ಒಂದು ಬಾಟಲಿ ರಕ್ತ ಏರಿಸಿದರು. ಈಗ ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ.

ಆ ಹುಡುಗಿಗೆ ಎಲ್ಲ ಗೊತ್ತಿತ್ತು, ಕೈ ಚುರುಕಿತ್ತು, ಔಷಧಿಯೂ ಕಪಾಟಿನಲ್ಲೇ ಇತ್ತು. ಇಲ್ಲದ್ದು ಒಂದೇ, ಅಳತೆ. ಆ ರಾತ್ರಿ ಅವಳು ಒಬ್ಬಳೇ ಮೂರು ಹೆರಿಗೆ ನೋಡುತ್ತಿದ್ದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಹೆರಿಗೆ ಕೋಣೆಗೆ ಬಕೆಟ್ ಕೊಟ್ಟು, ರಕ್ತ ಅಳೆಯುವ ಪ್ಲಾಸ್ಟಿಕ್ ಹಾಳೆ ಕೊಡದವರ ಮೇಲೆ ಸಿಟ್ಟು. ಯಾಕೆ ಗೊತ್ತಾ? ಆ ಹಾಳೆ ನಮ್ಮ ಬೆಳಗಾವಿಯಲ್ಲೇ ಬಳಕೆಗೆ ಬಂದಿತ್ತು.

ಹೌದು, ಬೆಳಗಾವಿಯಲ್ಲಿ. 2002ರಿಂದ 2005ರವರೆಗೆ ಅಲ್ಲಿನ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. 1620 ಹೆಣ್ಣುಮಕ್ಕಳು. ಹೆರಿಗೆ ಮಾಡಿಸಿದ್ದು ದೊಡ್ಡ ಡಾಕ್ಟರುಗಳಲ್ಲ, ನಮ್ಮಂಥ ಎಎನ್‌ಎಂಗಳು, ಅಂದರೆ ಹಳ್ಳಿ ದಾದಿಯರು, ಮನೆಗಳಲ್ಲಿ ಮತ್ತು ಉಪಕೇಂದ್ರಗಳಲ್ಲಿ. ಗರ್ಭಕೋಶ ಮುದುಡಿಸುವ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದವರಲ್ಲಿ ರಕ್ತಸ್ರಾವ 12%ನಿಂದ 6.4%ಗೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು, ಜಗತ್ತೆಲ್ಲ ಓದಿತು. ಆ ಅಧ್ಯಯನದಲ್ಲಿ ರಕ್ತ ಅಳೆದದ್ದು ಒಂದು ಪ್ಲಾಸ್ಟಿಕ್ ಹಾಳೆಯಿಂದ. ಬಾಣಂತಿಯ ಸೊಂಟದ ಕೆಳಗೆ ಹಾಸಿ ಲಾಡಿ ಕಟ್ಟುತ್ತಾರೆ. ಕೆಳಗೆ ಆಲಿಕೆಯ ಹಾಗೆ ಒಂದು ಚೀಲ ಇಳಿಬಿದ್ದಿರುತ್ತದೆ, ಅದರ ಮೇಲೆ ಗೆರೆ, ಗೆರೆಯ ಪಕ್ಕ ಅಂಕಿ. ನನ್ನ ಬ್ಯಾಚಿನ ಗೆಳತಿಯೊಬ್ಬಳ ಉಪಕೇಂದ್ರದಲ್ಲಿ ಅದನ್ನು ಮೊದಲ ಸಲ ಕೈಯಲ್ಲಿ ಹಿಡಿದಿದ್ದೆ. ಇಷ್ಟೇನಾ ಅನ್ನಿಸಿತ್ತು.

ಅದೇ ಹೊತ್ತಿಗೆ ಇನ್ನೊಂದನ್ನೂ ಅಲ್ಲಿ ಪರೀಕ್ಷಿಸಿದರು. ಕಣ್ಣಂದಾಜು ಎಷ್ಟು ಸರಿ? ಹಾಳೆ ತೋರಿಸುವುದಕ್ಕಿಂತ ಕಣ್ಣು ಸುಮಾರು ಮೂರನೇ ಒಂದು ಭಾಗ ಕಡಿಮೆ ಹೇಳುತ್ತಿತ್ತು. ಅನುಭವ ಇರುವವರ ಕಣ್ಣೇ.

ಆಮೇಲೆ ಏನಾಯಿತು? ಹಳೆಯ ಸೀರೆ ತುಂಡು, ಬಕೆಟ್, "ಎಲ್ಲಾರಿಗೂ ಹೋಗೂವಷ್ಟ". ಇಪ್ಪತ್ತು ವರ್ಷ.

ಈಗ ಆಫ್ರಿಕಾ ಕಡೆ ನೋಡಿ. ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾ. ನಾಲ್ಕು ದೇಶದ ಸುಮಾರು 80 ಆಸ್ಪತ್ರೆಗಳಲ್ಲಿ, 2 ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಇ-ಮೋಟಿವ್ ಅಂತ ಒಂದು ಅಧ್ಯಯನ ನಡೆಯಿತು. 2023ರಲ್ಲಿ ಫಲಿತಾಂಶ ಬಂತು. ಗೆರೆ ಇರುವ ಹಾಳೆ ಹಾಸಿ, ರಕ್ತ ಮಿತಿ ದಾಟಿದ ಕೂಡಲೇ ಐದು ಕೆಲಸ ಒಟ್ಟಿಗೇ ಮಾಡುವುದು: ಗರ್ಭಕೋಶ ತಿಕ್ಕುವುದು, ಅದು ಮುದುಡುವ ಔಷಧಿ, ಟ್ರಾನೆಕ್ಸಾ, ಸಲೈನ್, ಎಲ್ಲಿಂದ ರಕ್ತ ಬರುತ್ತಿದೆ ಅಂತ ಪರೀಕ್ಷೆ. ಒಂದು ಮಾಡಿ ಕಾಯುವುದು, ಆಗಲಿಲ್ಲ ಅಂತ ಇನ್ನೊಂದು ಮಾಡುವುದು, ಆ ಪದ್ಧತಿಯೇ ಇಲ್ಲ. ಹಳೆಯ ರೀತಿಯಲ್ಲೇ ನಡೆದ ಆಸ್ಪತ್ರೆಗಳಲ್ಲಿ, ರಕ್ತಸ್ರಾವ ಆದವರಲ್ಲಿ ಅರ್ಧದಷ್ಟು ಜನರನ್ನು ಮಾತ್ರ ಗುರುತಿಸಿದ್ದರು. ಹಾಳೆ ಹಾಸಿದ ಕಡೆ 93%. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದ ಸಾವು, ಇವೆಲ್ಲ ಸೇರಿ 60% ಕಡಿಮೆ. ಹೊಸ ಔಷಧಿ ಒಂದೂ ಇಲ್ಲ. ಗುರುತಿಸಿದರು, ತಡ ಮಾಡಲಿಲ್ಲ, ಅಷ್ಟೇ.

ನಾನಿದನ್ನು ಹೇಳಿದಾಗೆಲ್ಲ ಒಂದು ಉತ್ತರ ಸಿಗುತ್ತದೆ. "ಅಕ್ಕಾರ, ಜನಾನ ಇಲ್ಲ, ಹಾಳೆ ತಗೊಂಡು ಏನು ಮಾಡೂದು? ಮೊದಲು ಡಾಕ್ಟರ್ ಬೇಕು, ರಕ್ತನಿಧಿ ಬೇಕು, ಆಂಬುಲೆನ್ಸ್ ಬೇಕು." ಬೇಕು, ಯಾರು ಬೇಡ ಅಂದರು? 108 ಗಾಡಿ 2008ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಬಂದಾಗ ನಾನು ಕಣ್ಣೀರು ಹಾಕಿದವಳು. ಆದರೆ ಗಾಡಿ ಕರೆಯಬೇಕು ಅಂತ ಮೊದಲು ಯಾರಿಗಾದರೂ ಗೊತ್ತಾಗಬೇಕಲ್ಲ? ರಕ್ತ ಹೋಗುತ್ತಿರುವ ತಾಯಿಗೆ ಇರುವುದು ಒಂದೆರಡು ಗಂಟೆ. ಅದರಲ್ಲಿ ಒಂದು ಗಂಟೆಯನ್ನು "ಪರವಾಗಿಲ್ಲ" ಅನ್ನುವುದರಲ್ಲೇ ಕಳೆದರೆ, ಗಾಡಿ ಬಾಗಿಲಲ್ಲೇ ನಿಂತಿದ್ದರೂ ಏನು ಬಂತು? ಜನ ಕಡಿಮೆ ಇರುವ ಕಡೆಗೇ ಆ ಗೆರೆ ಬೇಕು. ಮೂರು ಮಂಚದ ನಡುವೆ ಓಡಾಡುವ ಒಬ್ಬಳೇ ಸಿಸ್ಟರ್‌ಗೆ ಆ ಗೆರೆ ದೂರದಿಂದಲೇ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2023ರಲ್ಲಿ ಬಸಿರು, ಹೆರಿಗೆಯ ಕಾರಣಕ್ಕೆ ಸತ್ತ ತಾಯಂದಿರು ಸುಮಾರು 2 ಲಕ್ಷ 60 ಸಾವಿರ. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಬಡ ಮತ್ತು ಕೆಳಮಧ್ಯಮ ಆದಾಯದ ದೇಶಗಳಲ್ಲಿ. ರಕ್ತಸ್ರಾವ ಅದರಲ್ಲಿ ಮುಂದಿನ ಸಾಲಿನ ಕಾರಣ.

ನಾನು ಯಾಕೆ ಇಷ್ಟು ಹಟ ಹಿಡಿದು ಬರೆಯುತ್ತೇನೆ ಅಂತ ಕೆಲವರು ಕೇಳಿದ್ದೀರಿ. ಇವತ್ತಿನ ತನಕ ಹೇಳಿರಲಿಲ್ಲ.

1998. ನನ್ನ ಉಪಕೇಂದ್ರದ ಹಳ್ಳಿ. ಮಳೆಗಾಲದ ರಾತ್ರಿ, ಕಂದೀಲಿನ ಬೆಳಕು, ಒಬ್ಬಾಕೆಯ ಮೂರನೇ ಹೆರಿಗೆ. ಮಗು ಬಂತು, ಮಾಸು ಬಂತು. ಅತ್ತೆಯಾದವಳು ಬಟ್ಟೆ ತೆಗೆದು ತೆಗೆದು ಹೊರಗೆ ಒಯ್ಯುತ್ತಿದ್ದಳು. ನಾನು ಕಣ್ಣಲ್ಲೇ ಅಳೆದೆ. ಎಲ್ಲರಿಗೂ ಹೋಗುವಷ್ಟೇ ಅಂದುಕೊಂಡೆ. ಚಹಾ ಕೂಡ ಕುಡಿದೆ. ಆಮೇಲೆ ಅವಳು ಮಾತಾಡುತ್ತಿದ್ದವಳು ಸುಮ್ಮನಾದಳು. ಕೆಳಗಿದ್ದ ಕೌದಿ ಎತ್ತಲು ಹೋದೆ. ಎತ್ತಲು ಆಗಲಿಲ್ಲ. ಅಷ್ಟು ಭಾರ. ಮೇಲೆ ಒಂದು ಅಂಗೈ ಅಗಲದ ಕಲೆ, ಒಳಗೆ ಅರಿವೆಯ ಪದರ ಪದರ ಎಲ್ಲ ಹೀರಿಕೊಂಡಿತ್ತು. ಟೆಂಪೋದಲ್ಲಿ ಜಿಲ್ಲಾಸ್ಪತ್ರೆ ಮುಟ್ಟಿದೆವು. ಗರ್ಭಕೋಶ ತೆಗೆದರು, ಜೀವ ಉಳಿಯಿತು.

ಜೀವ ಉಳಿಯಿತು ಅಂತ ನಾನು ನಿಟ್ಟುಸಿರು ಬಿಟ್ಟೆ. ತಿಂಗಳಾದ ಮೇಲೆ ಭೇಟಿಗೆ ಹೋದರೆ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕೂಸು ಅಳುತ್ತಿತ್ತು, ತಿರುಗಿ ನೋಡಲಿಲ್ಲ. ಮನೆಯವರು ಗಾಳಿ ಸೋಕಿದೆ ಅಂದರು, ತಾಯತ ಕಟ್ಟಿದ್ದರು. ನಾನು ಗಾಯ ನೋಡಿದೆ, ಬಿಪಿ ನೋಡಿದೆ, ಕಬ್ಬಿಣಾಂಶದ ಮಾತ್ರೆ ಕೊಟ್ಟೆ. ನಿಶ್ಶಕ್ತಿ ಇರಬೇಕು, ಸರಿಹೋಗುತ್ತಾಳೆ ಅಂದುಕೊಂಡೆ. ಅದೂ ಅಂದಾಜೇ! "ನಿದ್ದೆ ಬರತೈತೇನವಾ? ಸಾಯಬೇಕು ಅನಸ್ತೈತೇನ?" ಅಂತ ಎರಡು ಮಾತು ಕೇಳಲಿಲ್ಲ. ಅವಳನ್ನು ತವರಿಗೆ ಕರೆದುಕೊಂಡು ಹೋದರು. ಮುಂದೆ ಏನಾದಳೋ, ನಾನು ವಿಚಾರಿಸಲಿಲ್ಲ.

ಜಿಂಬಾಬ್ವೆಯ ಹರಾರೆಯಲ್ಲಿ ಡಿಕ್ಸನ್ ಚಿಬಾಂಡಾ ಅನ್ನುವ ಮನೋವೈದ್ಯರು 2006ರಲ್ಲಿ 14 ಅಜ್ಜಿಯರನ್ನು ಸೇರಿಸಿಕೊಂಡು ಹೀಗೆ ಮನಸ್ಸು ಕುಗ್ಗಿದವರಿಗಾಗಿ ಒಂದು ಕೆಲಸ ಶುರು ಮಾಡಿದರು. ಆಸ್ಪತ್ರೆಯ ಅಂಗಳದಲ್ಲಿ ಒಂದು ಮರದ ಬೆಂಚು. ಬಂದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಜ್ಜಿ ಮಾತಾಡಿಸುತ್ತಾಳೆ. ಆದರೆ ಮುಖ ನೋಡಿ ಅಂದಾಜು ಮಾಡುವುದಿಲ್ಲ. 14 ಪ್ರಶ್ನೆ ಕೇಳಿ, ಉತ್ತರ ಎಣಿಸುತ್ತಾರೆ. 2016ರಲ್ಲಿ ಬಂದ ಅಧ್ಯಯನದಲ್ಲಿ ಆರು ತಿಂಗಳ ನಂತರ ಖಿನ್ನತೆ ಉಳಿದದ್ದು ಬೆಂಚಿನ ಮೇಲೆ ಕೂತವರಲ್ಲಿ 14%, ಮಾಮೂಲು ಆರೈಕೆ ಪಡೆದವರಲ್ಲಿ 50%. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಉಪಕೇಂದ್ರದ ಮುಂದೆಯೂ ಕಲ್ಲಿನ ಕಟ್ಟೆ ಇತ್ತು.

ನಿನ್ನೆ ಸಂಜೆ ಫೋನ್ ಬಂತು. ಅದೇ ಸಿಸ್ಟರ್. ನಂಬರ್ ಅಣ್ಣನ ಹತ್ತಿರ ಇಸಿದುಕೊಂಡಳಂತೆ.

"ಅಕ್ಕಾರ, ಒಣ ಬಟ್ಟಿ ತೂಕ ಎಷ್ಟು ಹಿಡೀಬೇಕ್ರಿ?"

"ಒಂದೊಂದು ಬಟ್ಟಿ ಒಂದೊಂದು ತೂಕ ಇರತೈತವಾ. ಎಲ್ಲಾ ಒಂದ ಅಳತಿಗೆ ಕತ್ತರಿಸಿ ಇಟ್ಟುಕೋ. ಒಂದು ತೂಗಿ, ಅಂಕಿ ಗ್ವಾಡಿ ಮ್ಯಾಲೆ ಬರದ ಬಿಡು."

"ಬರದೇನ್ರಿ. ಇವತ್ತ ಎರಡು ಹೆರಿಗಿ ಆದುವು. ಒಂದು 280, ಒಂದು 350. ಎರಡನೇದು ಅರ್ಧ ತಾಸಿಗೊಮ್ಮೆ ನೋಡಾಕತ್ತೇನಿ."